ಶೀನನ ಬಲಗೈ

ಕಾಪುವಿನ ಶೀನ ಮಗ್ಗ ಬಿಟ್ಟು ಲೇತ್ ಕೆಲಸ ಕಲಿಯಲು ಉಡುಪಿಗೆ ಹೊರಟಾಗ ಅವನಿಗೆ ಮೂವತ್ತೊಂದು ವರ್ಷ. ಎರಡು ಮಕ್ಕಳ ತಂದೆ. ಆ ವಯಸ್ಸಿನಲ್ಲಿ ಹೊಸ ಕಸುಬು ಕಲಿಯುತ್ತೇನೆಂದು ಹೊರಟವನನ್ನು ನಮ್ಮ ಕಡೆಯವರು ಸುಮ್ಮನೆ ಬಿಡುವುದುಂಟೇ? ಬಸ್ಸಿಗೆ ಕಾಯುತ್ತ ನಿಂತಲ್ಲೇ ಒಬ್ಬರು, "ಎಂತ ಶೀನ, ಇನ್ನು ಕಬ್ಬಿಣದ ಸೀರೆ ನೇಯುವುದಾ?" ಎಂದು ಕೇಳಿದರು. ಶೀನ ನಕ್ಕು ಬಸ್ಸು ಹತ್ತಿದ. ಮಾತಿಗೆ ಮಾತು ಕೊಡುವ ಜಾಯಮಾನ ಅವನದಲ್ಲ. ಇದು ಸಾವಿರದ ಒಂಬೈನೂರ ಐವತ್ತಮೂರರ ಮಾತು.

ಅವನ ಮನೆಯಲ್ಲಿ ಅಜ್ಜನ ಕಾಲದಿಂದ ಮಗ್ಗವಿತ್ತು. ನೂಲು ಸಿಕ್ಕಿದಾಗ ಕೆಲಸ, ಸಿಗದಿದ್ದಾಗ ಗಂಜಿ ನೀರು. ಆದರೆ ಹೊಟ್ಟೆಯ ಚಿಂತೆಯೊಂದೇ ಅವನನ್ನು ಎಬ್ಬಿಸಿದ್ದಲ್ಲ. ಹಿಂದಿನ ವರ್ಷ ಕಾಪುವಿನಲ್ಲಿ ಒಂದು ಬಸ್ಸು ಕೆಟ್ಟು ನಿಂತಿತ್ತು. ಅದರ ಮುರಿದ ತುಂಡನ್ನು ಉಡುಪಿಗೆ ಒಯ್ಯಲು ಡ್ರೈವರನಿಗೆ ಇನ್ನೊಂದು ಜೊತೆ ಕೈ ಬೇಕಾಗಿ, ಎದುರಿಗೆ ಸಿಕ್ಕಿದ ಶೀನನನ್ನು ಕರೆದುಕೊಂಡು ಹೋದ. ಅಲ್ಲಿ ಶೀನ ಮೊದಲ ಸಲ ಲೇತ್ ನೋಡಿದ. ಕಬ್ಬಿಣ ಗಿರಗಿರನೆ ತಿರುಗುತ್ತಿದೆ, ಮೊನೆ ಮುಟ್ಟಿದಲ್ಲಿಂದ ಹೊಳೆಯುವ ಎಳೆ ಸುರುಳಿಯಾಗಿ ಹೊರಗೆ ಬರುತ್ತಿದೆ. ಕಬ್ಬಿಣದಿಂದ ನೂಲು ತೆಗೆಯುತ್ತಾರಲ್ಲ ಎಂದು ಅವನು ಬಾಯಿ ಬಿಟ್ಟುಕೊಂಡು ನಿಂತ. ಡ್ರೈವರ್ ಹೆಗಲು ಹಿಡಿದು ಎಳೆಯಬೇಕಾಯಿತು. ಆ ದಿನದಿಂದ ಅವನ ಮನಸ್ಸು ಮಗ್ಗದ ಮೇಲೆ ನಿಲ್ಲಲಿಲ್ಲ. ಹೆಂಡತಿ ಅಪ್ಪಿಯೇ ಕೊನೆಗೆ, "ಹೋಗಿ. ಮಗ್ಗ ನಾನು ನೋಡಿಕೊಳ್ಳುತ್ತೇನೆ. ಹೀಗೆ ಕಣ್ಣು ಎಲ್ಲಿಯೋ ಇಟ್ಟು ನೇಯ್ದರೆ ನೂಲೂ ಹಾಳು, ನೀವೂ ಹಾಳು" ಎಂದಳು.

ವರ್ಕ್‌ಶಾಪು ಉಡುಪಿಯಿಂದ ಸಂತೆಕಟ್ಟೆಗೆ ಹೋಗುವ ದಾರಿಯಲ್ಲಿತ್ತು. ಹಂಚಿನ ಮಾಡು, ಮೂಲೆಯಲ್ಲಿ ಧಡಧಡ ಎನ್ನುವ ಆಯಿಲ್ ಎಂಜಿನು, ಅದರಿಂದ ಚರ್ಮದ ಬೆಲ್ಟಿನ ಮೇಲೆ ಓಡುವ ಎರಡು ಲೇತು, ಒಂದು ಡ್ರಿಲ್ಲು. ಯಜಮಾನ ಅಲೋಶಿಯಸ್ ಶಿರ್ವದವರು. ಬೊಂಬಾಯಿಯ ರೈಲ್ವೆ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದು ಬಂದವರು. ಎಲ್ಲರಿಗೂ ಅವರು ಮಾಸ್ಟ್ರು. ಬೈಯಲು ತುಳು, ಅಳೆಯಲು ಇಂಗ್ಲಿಷು, ದೇವರ ಹತ್ತಿರ ಮಾತಾಡಲು ಕೊಂಕಣಿ.

"ಮೂವತ್ತು ದಾಟಿದ ಕೈ ಇನ್ನು ಎಂತ ಕಲಿಯುತ್ತದೆ ಮಾರಾಯ? ಹೋಗು, ಹೋಗು" ಎಂದು ಅವರು ಮೊದಲು ಓಡಿಸಿದರು. ಶೀನ ಹೋಗಲಿಲ್ಲ. ಬೆಂಚಿನ ಮೇಲಿದ್ದ ಸರಳೊಂದರ ಮೇಲೆ ಹೆಬ್ಬೆರಳು ಸವರುತ್ತ, "ಇದು ಈ ತುದಿಯಲ್ಲಿ ಒಂಚೂರು ದಪ್ಪ ಉಂಟಲ್ವಾ ಮಾಸ್ಟ್ರೇ?" ಎಂದ. ಮಾಸ್ಟ್ರು ಅಳತೆ ಹಿಡಿದು ನೋಡಿದರು. ಕಣ್ಣಿಗೆ ಕಾಣದಷ್ಟು ದಪ್ಪವಿತ್ತು. ಮರುದಿನ ಬರಲು ಹೇಳಿದರು.

ಬಂದವನ ಕೈಗೆ ಸಿಕ್ಕಿದ್ದು ಲೇತಲ್ಲ, ಅರ. ಆರು ತಿಂಗಳು ಬರೇ ಅರ ಉಜ್ಜುವ ಕೆಲಸ. ಕಬ್ಬಿಣದ ತುಂಡನ್ನು ವೈಸಿನಲ್ಲಿ ಬಿಗಿದು ಮಟ್ಟಸ ಮಾಡಬೇಕು. ಕೇಳಲು ಸುಲಭ, ಮಾಡಲು ಹೋದವನಿಗೆ ಗೊತ್ತು. ಕೈ ತೂಗುತ್ತದೆ, ತುಂಡು ಮೀನಿನ ಬೆನ್ನಿನ ಹಾಗೆ ಉಬ್ಬುತ್ತದೆ. ಮಾಸ್ಟ್ರು ಅದರ ಮೇಲೆ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು, ಸಂದಿಯಲ್ಲಿ ತೂರುವ ಬೆಳಕು ತೋರಿಸಿ, "ಹೋ, ಇದಕ್ಕೆ ಬಾಗಿಲೂ ಉಂಟು, ಕಿಟಕಿಯೂ ಉಂಟು. ಮನೆ ಕಟ್ಟಿದ್ದಾ ನೀನು?" ಎಂದು ಗುಜರಿಗೆ ಎಸೆಯುತ್ತಿದ್ದರು. ಶೀನ ಇನ್ನೊಂದು ತುಂಡು ಬಿಗಿಯುತ್ತಿದ್ದ. ಅರದ ಪಾಠ ಮುಗಿದ ಮೇಲೆ ಗರಗಸ, ತೂತು ಕೊರೆಯುವುದು, ಟೂಲಿನ ಮೊನೆ ಮಸೆಯುವುದು. ಕೊನೆಗೊಂದು ದಿನ ಲೇತಿನ ಮುಂದೆ ನಿಂತ. ಅಂದು ಮನೆಗೆ ಹೋಗಿ ಅಪ್ಪಿಯ ಹತ್ತಿರ ಏನೇನೋ ಹೇಳಿದನಂತೆ. ಅವಳಿಗೆ ಅರ್ಥವಾದದ್ದು ಗಂಡ ಸಂತೋಷದಲ್ಲಿದ್ದಾನೆ ಎನ್ನುವುದೊಂದೇ.

ಲೇತಿನ ಮುಂದೆ ನಿಂತವನಿಗೆ ಒಂದು ಕಷ್ಟ ತಪ್ಪಿದ್ದಲ್ಲ. ಕತ್ತರಿಸಿ ಹಾರುವ ಚೂರು ಕೆಂಡದಂತೆ ಬಿಸಿ. ಕೈಮೇಲೆ ಬಿದ್ದರೆ ಚುರ್ ಎನ್ನುತ್ತದೆ. ಕೈ ಎಳೆದುಕೊಂಡರೆ ಕೆಲಸ ಕೆಡುತ್ತದೆ. ಶೀನ ಪ್ರತಿ ಸಲವೂ ಹಾರಿ ಬೀಳುತ್ತಿದ್ದ. ಪಕ್ಕದ ಲೇತಿನ ವಿಠಲ, "ನೂಲಿನ ಕೈ, ನೂಲಿನ ಕೈ" ಎಂದು ನಗುತ್ತಿದ್ದ. ಮಾಸ್ಟ್ರು ಬೊಂಬಾಯಿಯಿಂದ ತಂದ ಮಾತೊಂದಿತ್ತು: ಚೂರು ಬಿದ್ದದ್ದು ಯಾವತ್ತು ಗೊತ್ತಾಗುವುದಿಲ್ಲವೋ ಅವತ್ತು ನೀನು ಟರ್ನರ್. ಅಂಥ ದಿನ ಬಂದವನಿಗೆ ಆ ವರ್ಕ್‌ಶಾಪಿನಲ್ಲಿ ಒಂದು ಮರ್ಯಾದೆ ಸಲ್ಲುತ್ತಿತ್ತು. ಮಾಸ್ಟ್ರು ಎಂಜಿನು ನಿಲ್ಲಿಸಿ ಎದುರಿನ ಹೋಟೆಲಿನಿಂದ ಎಲ್ಲರಿಗೂ ಗೋಳಿಬಜೆ, ಚಾ ತರಿಸುತ್ತಿದ್ದರು. ಅವನಿಗೆ "ಕೈ ಬಂತು" ಎನ್ನುತ್ತಿದ್ದರು. ವಿಠಲನಿಗೆ ಒಂದೇ ವರ್ಷದಲ್ಲಿ ಕೈ ಬಂದಿತ್ತು. ಶೀನನಿಗೆ ಮೂರಾದರೂ ಬರಲಿಲ್ಲ.

ಆದರೆ ಅಳತೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಗಿನ ಅಳತೆಯೆಂದರೆ ಕ್ಯಾಲಿಪರ್. ಎರಡು ಬಾಗಿದ ಕಾಲಿನ ಚಿಮ್ಮಟದಂಥ ಸಾಮಾನು. ತಿರುಗಿಸಿದ ಶಾಫ್ಟಿನ ಮೇಲೆ ಅದನ್ನು ಇಳಿಸಿದರೆ ಅದು ತನ್ನ ಭಾರಕ್ಕೇ ಇಳಿಯಬೇಕು, ಇಳಿಯುವಾಗ ತಾಗಿತೋ ಇಲ್ಲವೋ ಎಂಬಷ್ಟು ತಾಗಬೇಕು. ಆ ಒಂದು ತಾಗುವಿಕೆಯಲ್ಲಿ ಕೂದಲೆಳೆಯ ಅರ್ಧ, ಕಾಲು ಎಲ್ಲ ಗೊತ್ತಾಗಬೇಕು. ಕಣ್ಣಿನ ಕೆಲಸವಲ್ಲ, ಬೆರಳ ತುದಿಯ ಕೆಲಸ. ಚಿಕ್ಕಂದಿನಿಂದ ಎಳೆಯ ಹದ ನೋಡಿದ ಬೆರಳಿಗೆ ಇದು ಹೊಸತಾಗಲಿಲ್ಲ. ಕಾರ್ಕಳದ ಅಕ್ಕಿ ಮಿಲ್ಲಿನವರು ಶಾಫ್ಟು ಕೂರುವ ಬಳೆ, ಬುಶ್ಶು, ಮಾಡಿಸಲು ಬಂದರೆ, "ಆ ಕಾಪುವಿನ ಜನ ಉಂಟಲ್ಲ, ಅವನ ಕೈಯಲ್ಲಿ ಮಾಡಿಸಿ" ಎಂದು ಅವರೇ ಕೇಳುವಷ್ಟಾಯಿತು. ಶಾಫ್ಟು ಅದರೊಳಗೆ ಎಣ್ಣೆಯ ಪಸೆಯಷ್ಟೇ ಜಾಗ ಬಿಟ್ಟು ಕೂರುತ್ತಿತ್ತು. ಮಾಸ್ಟ್ರು ಎದುರಿಗೆ ಹೊಗಳುವವರಲ್ಲ. ಆದರೂ ಕೊನೆಯ ಸುತ್ತಿನ ನಾಜೂಕು ಕೆಲಸವನ್ನೆಲ್ಲ ಅವನಿಗೇ ಬಿಡತೊಡಗಿದರು.

ಇಷ್ಟಾದರೂ ಶೀನನಿಗೆ ಆ ಕೊರಗು ಹೋಗಲಿಲ್ಲ. ತನ್ನಿಂದ ಎಷ್ಟು ಒಳ್ಳೆಯ ಕೆಲಸವಾದರೂ ತಾನು ಟರ್ನರ್ ಅಲ್ಲ, ಚೂರು ಬಿದ್ದರೆ ಹಾರುವ ನೇಕಾರ. ಹುಚ್ಚು ಕೊರಗು. ಆದರೆ ಕಲಿಯುವ ವಯಸ್ಸು ದಾಟಿದ ಮೇಲೆ ಕಲಿಯಲು ಕೂತವನಿಗೇ ಅದರ ಉರಿ ಗೊತ್ತು.

ಐವತ್ತೊಂಬತ್ತರ ಮಳೆಗಾಲದಲ್ಲಿ ಆ ದಿನ ಬಂತು. ಪಂಪಿನ ಶಾಫ್ಟೊಂದನ್ನು ತಿರುಗಿಸುತ್ತಿದ್ದಾಗ ವಿಠಲ ಕೂಗಿದ, "ಏ ಶೀನ, ಕೈ ನೋಡು!" ಬಲಗೈಯ ಕಿರುಬೆರಳ ಬುಡದಲ್ಲಿ ನೀಲಿಗಟ್ಟಿದ ಬಿಸಿ ಚೂರೊಂದು ಕೂತಿತ್ತು. ಶೀನನಿಗೆ ಗೊತ್ತೇ ಇರಲಿಲ್ಲ. ಅವನು ಅದನ್ನು ನೋಡಿದ, ಮತ್ತೆ ಮಾಸ್ಟ್ರ ಮುಖ ನೋಡಿದ. ಮಾಸ್ಟ್ರು ಎಂಜಿನು ನಿಲ್ಲಿಸಿದರು.

ಗೋಳಿಬಜೆ ಬಂತು, ಚಾ ಬಂತು. "ಬಂತು ಮಾರಾಯ, ಅಂತೂ ಕೈ ಬಂತು" ಎಂದು ಮಾಸ್ಟ್ರು ಬೆನ್ನು ತಟ್ಟಿದರು. ಎಡಗೈಗೆ ಚೂರು ಬಿದ್ದರೆ ಇನ್ನೂ ಚುರ್ ಎನ್ನುತ್ತದೆ ಎಂದು ಶೀನ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಬಲಗೈ ಪಾಸಾಯಿತು, ಎಡಗೈಯನ್ನು ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಿಸು" ಎಂದ ವಿಠಲ. ಎಲ್ಲರೂ ಹೊಟ್ಟೆ ತುಂಬ ನಕ್ಕರು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಂದೇ ಮೈಯ ಎರಡು ಕೈಯಲ್ಲಿ ಒಂದು ಯಾಕೆ ಸುಡುತ್ತದೆ, ಒಂದು ಯಾಕೆ ಸುಡುವುದಿಲ್ಲ ಎಂದು ಕೇಳುವ ಒಬ್ಬ ಪುಣ್ಯಾತ್ಮ ಅಷ್ಟು ಜನರಲ್ಲಿ ಇರಲಿಲ್ಲ. ಕೂದಲೆಳೆಯನ್ನು ಅಳೆಯುವ ಬುದ್ಧಿವಂತರೇ ಎಲ್ಲ.

ಮನೆಯಲ್ಲಿ ಅಪ್ಪಿ ಆ ಕೈಯ ಬೊಬ್ಬೆ ನೋಡಿ, "ಇಷ್ಟು ಸುಟ್ಟಿದೆ. ಉರಿಯುವುದಿಲ್ವಾ?" ಎಂದಳು.

"ಇಲ್ಲ" ಎಂದ ಶೀನ, ಬಹುಮಾನ ಗೆದ್ದವನ ಹಾಗೆ.

"ಮೊಣಕೈ ಹತ್ತಿರ ಎಂತದು ಇದು, ಬಿಳಿಚಿಕೊಂಡದ್ದು?"

"ಚಿಬ್ಬು. ಎಣ್ಣೆ, ಬೆವರು ಅಲ್ವಾ, ಆಗ್ತದೆ."

ಅವಳು ಮತ್ತೆ ಕೇಳಲಿಲ್ಲ. ಗಂಡ ಅಷ್ಟು ಖುಷಿಯಾಗಿರುವುದನ್ನು ಅವಳು ವರ್ಷಗಳಿಂದ ನೋಡಿರಲಿಲ್ಲ.

ಅಲ್ಲಿಂದ ಸುಮಾರು ಒಂದು ವರ್ಷ ಶೀನ ಮೆರೆದ. ಕತ್ತರಿಸಿ ಮುಗಿದ ಬಿಸಿ ತುಂಡನ್ನು ಬರಿಗೈಯಲ್ಲಿ ತೆಗೆದು ಬೆಂಚಿಗಿಡುತ್ತಿದ್ದ. ಗಿರಾಕಿಗಳು ಹೌಹಾರುತ್ತಿದ್ದರು. ಬಸ್ಸಿನ ಡ್ರೈವರುಗಳು ಹೊಸಬರನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದರು. ಮೆಲುಮಾತಿನ ಮನುಷ್ಯನಿಗೆ ಅದರಲ್ಲೊಂದು ಸಣ್ಣ ಹಮ್ಮೂ ಬಂದಿತ್ತು. ಪಾಪ, ಬರಲಿ ಬಿಡಿ, ಬೇರೆ ಯಾವ ಹಮ್ಮೂ ಅವನಿಗೆ ಆ ತನಕ ಸಿಕ್ಕಿರಲಿಲ್ಲ.

ಮೊದಲು ವಾಪಸು ಬಂದದ್ದು ಕಾರ್ಕಳದ ಮಿಲ್ಲಿನ ಬುಶ್ಶು. ಶಾಫ್ಟು ಒಳಗೆ ಹೋಗುತ್ತಲೇ ಇಲ್ಲ ಎಂದರು. ಶೀನನ ಮುಖ ಕಪ್ಪಿಟ್ಟಿತು. ಹೊಸತು ಮಾಡಿಕೊಟ್ಟ. ಅದು ಲೊಡಲೊಡ ಎಂದಿತು. ಎರಡು ವಾರ ಬಿಟ್ಟು ಎಲ್ಲೂರಿನ ಒಬ್ಬರ ಪಂಪು ಬಂತು, ಅದೂ ಶೀನನದೇ ಕೆಲಸ. ಅವನು ಕ್ಯಾಲಿಪರಿನ ಕೀಲು ಸಡಿಲಾಗಿದೆ ಎಂದ. ಕೀಲು ಬಿಗಿದ. ಎಣ್ಣೆ ಹಾಕಿದ. ಎಣ್ಣೆ ಹೆಚ್ಚಾಯಿತೆಂದು ಒರೆಸಿದ. ವಿಠಲನ ಕ್ಯಾಲಿಪರನ್ನು ಕೇಳಿ ತಂದ. ಅದರಲ್ಲೂ ಅಳತೆ ತಪ್ಪಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನೊಬ್ಬ ಲೇತಿನ ಹತ್ತಿರ ನಿಂತು ಒಂದೇ ಶಾಫ್ಟಿನ ಮೇಲೆ ಕ್ಯಾಲಿಪರನ್ನು ಮತ್ತೆ ಮತ್ತೆ ಇಳಿಸುತ್ತಿದ್ದ.

ಮಾಸ್ಟ್ರು ಒಂದು ದಿನ ಹತ್ತಿರ ಬಂದು ನಿಂತರು. ಬೈಯುತ್ತಾರೆಂದು ಶೀನ ಕಾದ. ಅವರು ಬೈಯಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದರು. ಕ್ಯಾಲಿಪರಿನ ಕಾಲುಗಳು ಶಾಫ್ಟನ್ನು ಅಮುಕಿ ಹಿಡಿದು ಅಗಲಕ್ಕೆ ಬಾಗಿದ್ದವು. ಶೀನ ಬಲವಾಗಿ ಒತ್ತುತ್ತಿದ್ದ.

"ಹೇಗುಂಟು?" ಎಂದು ಕೇಳಿದರು.

"ಸರಿ ಉಂಟು ಮಾಸ್ಟ್ರೇ. ತಾಗಿಯೂ ತಾಗದ ಹಾಗೆ ಇಳಿಯುತ್ತಾ ಉಂಟು" ಎಂದ ಶೀನ.

ಮಾಸ್ಟ್ರು ಅವನ ಅಂಗಿಯ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ಮೊಣಕೈಯ ಬಿಳಿಚಿದ ಕಲೆ ಈಗ ಅಂಗೈಯಷ್ಟಾಗಿತ್ತು. ಬೊಂಬಾಯಿಯ ಫುಟ್‌ಪಾತಿನಲ್ಲಿ ಅವರು ಅಂಥ ಕಲೆಯನ್ನು ಕಂಡಿದ್ದರು. ಎಂಜಿನು ನಿಲ್ಲಿಸಲು ವಿಠಲನಿಗೆ ಹೇಳಿ, "ಕೈ ತೊಳೆದುಕೋ ಶೀನ, ಒಂದು ಕಡೆ ಹೋಗಿ ಬರುವ" ಎಂದರು.

ಡಾಕ್ಟ್ರು ವಯಸ್ಸಾದವರು. ಕಲೆ ನೋಡಿದರು, ಮೊಣಕೈಯ ಒಳಬದಿ ಒತ್ತಿ ನೋಡಿದರು. ಆಮೇಲೆ ಹತ್ತಿಯ ಒಂದು ಎಳೆ ತೆಗೆದು, "ಕಣ್ಣು ಮುಚ್ಚಿಕೊಳ್ಳಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದರು.

ಎಡಗೈಗೆ ಶೀನ ಚಕಚಕನೆ ಹೂಂ, ಹೂಂ ಎಂದ. ನಂತರ ಸುಮ್ಮನಾದ. ಡಾಕ್ಟ್ರ ಕೈ ಅವನ ಬಲಗೈಯ ಮೇಲೆ ಆಡುತ್ತಲೇ ಇತ್ತು. ಕಿರುಬೆರಳು, ಅದರ ಪಕ್ಕದ್ದು, ನಡುಬೆರಳು, ಹೆಬ್ಬೆರಳಿನ ತುದಿ. ಹತ್ತಿ ಬಿಟ್ಟು ಸೂಜಿ ತೆಗೆದುಕೊಂಡರು. ಮಾಸ್ಟ್ರು ಗೋಡೆಗೆ ಒರಗಿ ನೋಡುತ್ತಿದ್ದರು. ಶೀನ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಾದು, ವಿನಯದಿಂದ, "ಬಲಗೈಗೆ ಶುರು ಮಾಡಬಹುದು ಡಾಕ್ಟ್ರೇ, ನನಗೆ ಹೆದರಿಕೆ ಏನಿಲ್ಲ" ಎಂದ.

ಡಾಕ್ಟ್ರು ಸೂಜಿ ಕೆಳಗಿಟ್ಟರು. ಕಣ್ಣು ತೆರೆದಾಗ ಮಾಸ್ಟ್ರು ಕೋಣೆಯಲ್ಲಿರಲಿಲ್ಲ, ಜಗಲಿಗೆ ಹೋಗಿದ್ದರು.

ರೋಗದ ಹೆಸರನ್ನು ಡಾಕ್ಟ್ರು ಮುಚ್ಚಿಡಲಿಲ್ಲ. ಕುಷ್ಠ. ನಮ್ಮ ಕಡೆ ಆ ಹೆಸರನ್ನು ಬಾಯಿ ಬಿಟ್ಟು ಹೇಳದೆ ದೊಡ್ಡ ರೋಗ ಎನ್ನುತ್ತಿದ್ದರು. ಈಗ ಮಾತ್ರೆ ಬಂದಿದೆ, ತಪ್ಪದೆ ನುಂಗಿದರೆ ರೋಗ ನಿಲ್ಲುತ್ತದೆ, ಮನೆಯವರಿಗೆ ಹೆದರಿಕೆ ಬೇಡ, ಅವರನ್ನೂ ಒಮ್ಮೆ ಕರೆತಂದು ತೋರಿಸಿ ಎಂದರು. ಬೆರಳಿಗೆ ಹೋದ ಸ್ಪರ್ಶ ಮಾತ್ರ ಹೋದದ್ದೇ. ಜಗಲಿಯಲ್ಲಿ ಮಾಸ್ಟ್ರು ಕೇಳಿದರು: "ಒಂದು ವರ್ಷ ಮೊದಲು ಕರೆತಂದಿದ್ದರೆ ಡಾಕ್ಟ್ರೇ? ಸುಡುವುದು ಗೊತ್ತಾಗುವುದಿಲ್ಲ ಎಂದು ಇವ ಹೇಳಿದ ದಿವಸವೇ?" ಡಾಕ್ಟ್ರು ಕನ್ನಡಕ ಒರೆಸುತ್ತ, "ಇಷ್ಟು ಹೋಗುತ್ತಿರಲಿಲ್ಲ" ಎಂದರು. ಶಿರ್ವದ ಆ ಗಟ್ಟಿ ಮನುಷ್ಯ ಮೆಟ್ಟಿಲ ಮೇಲೆ ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಶೀನನೇ ಅವರನ್ನು ಎಬ್ಬಿಸಿ ಬಸ್ಸಿಗೆ ಕರೆದುಕೊಂಡು ಬಂದ.

ಕಾಪುವಿನಲ್ಲಿ ಸುದ್ದಿ ಮುಚ್ಚಿಟ್ಟರೆ ನಿಲ್ಲುತ್ತದೆಯೇ? ಬಾವಿಕಟ್ಟೆಗೆ ಅಪ್ಪಿ ಹೋದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿದರು. ಹೋಟೆಲಿನವನು ಶೀನನಿಗೆ ತೆಂಗಿನ ಗೆರಟೆಯಲ್ಲಿ ಚಾ ಹೊಯ್ದುಕೊಟ್ಟ. ಹತ್ತಾರು ವರ್ಷ ಇದೇ ಶೀನ ನೇಯ್ದ ಬೈರಾಸನ್ನು ಹೆಗಲ ಮೇಲೆ ಹಾಕಿಕೊಂಡವನೇ ಅವನು. ಶೀನ ಚಾ ಕುಡಿಯದೆ ಎದ್ದು ಬಂದ, ಮತ್ತೆ ಆ ಕಡೆ ಹೋಗಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಒಂದು ದಿನ ಮಗ್ಗಕ್ಕಿಳಿದ. ಎಳೆ ತುಂಡಾದದ್ದು ಬೆರಳಿಗೆ ತಿಳಿಯಲಿಲ್ಲ. ಒಂದು ಮೊಳ ಬಟ್ಟೆ ಸೀಳಿಕೊಂಡೇ ಬಂತು. ಅಪ್ಪಿ ಅದನ್ನು ಬಿಚ್ಚಿ, ಮತ್ತೆ ಎಳೆ ಕಟ್ಟಿದಳು. ಹೊಸ ಕಸುಬಿನ ಜೊತೆ ಹಳೆಯದೂ ಹೋಯಿತು ಎಂದು ಅವನಿಗೆ ತಿಳಿದದ್ದು ಅಂದು.

ಎರಡು ವರ್ಷಕ್ಕೂ ಮೇಲೆ ಅವನು ಒಂದು ದಿನ ತಪ್ಪದೆ ಮಾತ್ರೆ ನುಂಗಿದ. ಅರುವತ್ತಮೂರರಲ್ಲಿ ಡಾಕ್ಟ್ರು, ಇನ್ನು ಇವರಿಂದ ಯಾರಿಗೂ ಅಂಟುವುದಿಲ್ಲ, ಕೆಲಸ ಮಾಡಬಹುದು ಎಂದು ಕಾಗದ ಬರೆದುಕೊಟ್ಟರು. ಅದನ್ನು ತಿಳಿದ ವಾರದಲ್ಲೇ ಮಾಸ್ಟ್ರು ಕಾಪುವಿಗೆ ಬಂದರು. ಅಪ್ಪಿ ಕೊಟ್ಟ ಲೋಟದಲ್ಲೇ ನೀರು ಕುಡಿದರು. ಚೀಲದಿಂದ ಒಂದು ಸಣ್ಣ ಮರದ ಪೆಟ್ಟಿಗೆ ತೆಗೆದರು. ಬೊಂಬಾಯಿಯಿಂದ ತರಿಸಿದ ಮೈಕ್ರೋಮೀಟರ್.

"ಇದಕ್ಕೆ ಬೆರಳಿನ ಉಪಕಾರ ಬೇಡ ಶೀನ. ಹಿಂದಿನ ತಿರುಪು ತಿರುಗಿಸು, ಸಾಕಾದಾಗ ಅದೇ ಟಿಕ್ ಟಿಕ್ ಎನ್ನುತ್ತದೆ. ಕಿವಿ ಉಂಟಲ್ಲ ನಿನಗೆ, ಕಣ್ಣು ಉಂಟಲ್ಲ. ನಿನ್ನ ಲೇತಿಗೆ ನಾನು ಬೇರೆ ಜನ ಇಟ್ಟಿಲ್ಲ. ನಾಳೆ ಬಾ."

ಬಿಡಬೇಡಿ, ಹೋಗಿ ಎಂದಳು ಅಪ್ಪಿ. ಶೀನನ ಕಣ್ಣಲ್ಲಿ ನೀರು ತುಂಬಿತು.

ಮರುದಿನ ಅವನು ಬೆಳಗಿನ ಮೊದಲ ಬಸ್ಸಿಗೇ ಬಂದ. ಬಲಗೈಯ ಎರಡು ಬೆರಳು ಒಳಕ್ಕೆ ಬಾಗಿದ್ದವು, ಉಳಿದವು ಹೇಳಿದಂತೆ ಕೇಳುತ್ತಿದ್ದವು. ವಿಠಲ ಎದುರು ಬಂದು, "ಬಂದೆಯಾ ಮಾರಾಯ" ಎಂದ. ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಅಷ್ಟೇ ದೊಡ್ಡದು ಎನಿಸಿತು ಶೀನನಿಗೆ. ಮಾಸ್ಟ್ರು ಒಂದು ಪಂಪ್ ಶಾಫ್ಟಿನ ಕೆಲಸ ಕೊಟ್ಟರು. ಬೇರೆಯವರಿಗೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಶೀನ ಅದಕ್ಕೆ ಇಡೀ ದಿನ ತೆಗೆದುಕೊಂಡ. ಒಂದು ಸುತ್ತು ಕತ್ತರಿಸುವುದು, ಲೇತ್ ನಿಲ್ಲಿಸುವುದು, ಅಳೆಯುವುದು, ಟಿಕ್ ಟಿಕ್ ಕೇಳುವುದು, ಬೆಳಕಿಗೆ ಹಿಡಿದು ಗೆರೆ ಓದುವುದು. ಊಟಕ್ಕೂ ಏಳಲಿಲ್ಲ. ಮಾಸ್ಟ್ರು ಬೇಕೆಂದೇ ಆಚೆ ಮುಖ ಮಾಡಿ ಕೆಲಸ ಮಾಡುತ್ತಿದ್ದರು.

ನಾಲ್ಕು ಗಂಟೆಯ ಹೊತ್ತಿಗೆ ಶೀನ ಕೊನೆಯ ಸಲ ಅಳೆದ. ಮತ್ತೆ ಅಳೆದ. ಎಲ್ಲ ಕಡೆಯೂ ಹೇಳಿದಷ್ಟೇ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. "ಮಾಸ್ಟ್ರೇ!" ಎಂದು ಕೂಗಿದ. ಆ ವರ್ಕ್‌ಶಾಪಿನಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಮಾಸ್ಟ್ರು ಬಂದು, ಕಣ್ಣು ಗೆರೆಯ ಮೇಲೇ ಇಟ್ಟು, ತಾವೇ ಅಳೆದರು. "ಸರಿಯುಂಟು" ಎಂದರು.

ಶೀನ ಶಾಫ್ಟನ್ನು ಒರೆಸಿ ಕೊಡೋಣವೆಂದು ಬಟ್ಟೆ ತೆಗೆದುಕೊಂಡ. ಒರೆಸಿದ ಬಟ್ಟೆ ಕೆಂಪಾಯಿತು. ಎಣ್ಣೆಯ ಬಣ್ಣ ಅದಲ್ಲ. ಕೆಳಗೆ ನೋಡಿದ. ಲೇತಿನ ಹಾಸಿನ ಮೇಲೆ, ಕಬ್ಬಿಣದ ಚೂರಿನ ರಾಶಿಯ ಮೇಲೆ ರಕ್ತ ಹನಿ ಹನಿಯಾಗಿ ಬಿದ್ದು ಒಣಗಿತ್ತು. ಅವನು ಗಾಬರಿಯಿಂದ ತಲೆಯೆತ್ತಿ ವಿಠಲನ ಕಡೆ ನೋಡಿ, "ಅಯ್ಯೋ, ಯಾರಿಗೆ ತಾಗಿತು?" ಎಂದ.

ವಿಠಲ ಎಂಜಿನು ನಿಲ್ಲಿಸಲು ಓಡಿದ. ಮಾಸ್ಟ್ರು ಶೀನನ ಬಲಗೈಯನ್ನು ಹಿಡಿದು ಮೇಲಕ್ಕೆ ತಿರುಗಿಸಿದರು. ಕಬ್ಬಿಣದ ಸುರುಳಿಯೊಂದು ಅಂಗೈಯನ್ನು ಹೆಬ್ಬೆರಳ ಬುಡದಿಂದ ಆಚೆ ಅಂಚಿನ ತನಕ ಸೀಳಿತ್ತು. ಅದು ಎಷ್ಟು ಹೊತ್ತಿಗೆ ಆದದ್ದು ಎಂದು ಹೇಳಲು ಯಾರಿಂದಲೂ ಆಗುವಂತಿರಲಿಲ್ಲ, ಆ ಕೈಯ ಯಜಮಾನನಿಂದಲೂ.

"ಇದೇನು ಮಹಾ, ಕಟ್ಟು ಹಾಕಿದರೆ ವಾಸಿಯಾಗ್ತದೆ. ನಾಳೆಯಿಂದ ದಪ್ಪ ಕೈಗವಸು ಹಾಕಿಕೊಂಡರಾಯಿತು, ನಾನು ಹತ್ತಿರವೇ ನಿಲ್ಲುತ್ತೇನೆ" ಎಂದು ಮಾಸ್ಟ್ರು ಬಡಬಡಿಸಿದರು. ಕೈಗವಸು ಹಾಕಿ ಲೇತ್ ಮುಟ್ಟಿದರೆ ತಿರುಗುವ ಕಬ್ಬಿಣ ಅದರ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ ಎಂದು ಅವನಿಗೆ ಕಲಿಸಿದವರು ಅವರೇ.

ಶೀನ ತನ್ನ ಕೈಯನ್ನು ನೋಡುತ್ತ ನಿಂತಿದ್ದ. ಆಮೇಲೆ ಎಡಗೈಯಲ್ಲಿ ಮೈಕ್ರೋಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

"ಬೇಡ ಮಾಸ್ಟ್ರೇ. ಇವತ್ತು ಚರ್ಮ ಹೋಯಿತು. ನಾಳೆ ಕೈಯೇ ಹೋದರೂ ನೀವು ಕೂಗಿ ಹೇಳಬೇಕು ನನಗೆ" ಎಂದ.

ಮಾಸ್ಟ್ರು ಮತ್ತೆ ಒತ್ತಾಯ ಮಾಡಲಿಲ್ಲ. ಶುದ್ಧ ಬಟ್ಟೆ ಹರಿದು ಗಾಯಕ್ಕೆ ಕಟ್ಟತೊಡಗಿದರು. ನೋಯುತ್ತದೇನೋ ಎಂದು ಅವರು ಮೆಲ್ಲಗೆ, ತುಂಬ ಮೆಲ್ಲಗೆ ಕಟ್ಟುತ್ತಿದ್ದರು.